ತಮಂದಾಳ ಗೆರೆ ಬಾಗಿದ ತಿಂಗಳು

ಪ್ರತಿ ತಿಂಗಳ ಎರಡನೇ ಗುರುವಾರ ಎಸ್ನಾತ್‌ಗೆ ಯಾವ ಕೆಲಸದ ಮೇಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಪಾತ್ರೆ ತಿಕ್ಕುವಾಗ, ಬಟ್ಟೆ ಒಣಹಾಕುವಾಗ, ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡ ಫೋನನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆ ದಿನ ಅವಳ ಊರಿನಲ್ಲಿ ಸಿಕೆಲೊ. ಮಾವಿನ ಮರದ ಕೊಂಬೆಗೆ ತಕ್ಕಡಿ ಕಟ್ಟಿ ಊರಿನ ಎಳೆಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ತೂಗುವ ದಿನ. ಕಸುಂಗು ಕಡೆಯ ಆ ಹಳ್ಳಿಯಲ್ಲಿ ಅವಳ ತಾಯಿ ಫಾಲೆಸಿ, ಈಗ ಹನ್ನೊಂದು ತಿಂಗಳಾದ ಮೊಮ್ಮಗಳು ತಮಂದಾಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತಿರುತ್ತಿದ್ದಳು.

ಎಸ್ನಾತ್ ಇದ್ದದ್ದು ಲಿಲೊಂಗ್ವೆ ಪಟ್ಟಣದಲ್ಲಿ, ಗೊಂಡ್ವೆ ಮೇಡಂ ಅವರ ಮನೆಗೆಲಸಕ್ಕೆ. ಗಂಡ ಜೋಹಾನ್ಸ್‌ಬರ್ಗಿಗೆ ಹೋದವನು ಮಗು ಹುಟ್ಟುವ ಮೊದಲೇ ಫೋನ್ ಮಾಡುವುದನ್ನು ನಿಲ್ಲಿಸಿದ್ದ. ತಮಂದಾಳಿಗೆ ಎಂಟು ತಿಂಗಳು ತುಂಬಿದಾಗ ಎಸ್ನಾತ್ ಅವಳನ್ನು ತಾಯಿಯ ಮಡಿಲಲ್ಲಿಟ್ಟು ಮಿನಿಬಸ್ ಹತ್ತಿದಳು. ಎದೆಹಾಲು ಹದಿನೈದು ದಿನ ರವಿಕೆ ನೆನೆಸಿ, ಆಮೇಲೆ ತಾನಾಗಿ ಬತ್ತಿಹೋಯಿತು. ರಜೆ ಸಿಗುವುದು ಡಿಸೆಂಬರಿನಲ್ಲಿ. ಈಗಿನ್ನೂ ಆಗಸ್ಟ್.

ಆ ತಿಂಗಳ ಗುರುವಾರ ಸಂಜೆ ಐದಕ್ಕೆ ಫೋನ್ ಬಂತು.

"ಎಷ್ಟಮ್ಮಾ?" ಎಂದಳು ಎಸ್ನಾತ್.

"ಮೊದ್ಲು ಅಮ್ಮ ಹೇಗಿದೀಯಾ ಅಂತ ಕೇಳೇ. ನಾನೇನು ತಕ್ಕಡಿಯವಳಾ?"

"ಹೇಗಿದೀಯಮ್ಮ? ಈಗ ಹೇಳು, ಎಷ್ಟು?"

ಫಾಲೆಸಿ ನಕ್ಕಳು. "ಏಳು ಕಿಲೋ ಒಂಬೈನೂರು ಗ್ರಾಂ. ಹೋದ ತಿಂಗಳಿಗಿಂತ ನೂರು ಗ್ರಾಂ ಜಾಸ್ತಿ. ಆರೋಗ್ಯ ಕೇಂದ್ರದ ಆ ಮಲೆಂಗಾ ಎರಡು ಸಲ ಹೇಳಿ ನನ್ನ ಬಾಯಲ್ಲಿ ಹೇಳಿಸಿದ, ಮರೀಬಾರದು ಅಂತ."

"ಹಾಕ್ತಾಳಾ ಹೆಜ್ಜೆ?"

"ಸುತ್ತಿ ನಿಲ್ಲಿಸಿದ ಚಾಪೆ ಹಿಡ್ಕೊಂಡು ನಿಲ್ತಾಳೆ. ತಗೋ, ಮಾತಾಡು."

ತಾಯಿ ಫೋನನ್ನು ಮಗುವಿನ ಬಾಯಿಗೆ ಹಿಡಿದಳು. ಆ ಕಡೆಯಿಂದ ಬರೀ ಉಸಿರು ಕೇಳಿಸಿತು. ಮೂಗು ಕಟ್ಟಿದ ಮಗುವಿನ ಉಸಿರು, ಒಂದಾದ ಮೇಲೊಂದು. ಎಸ್ನಾತ್ ಅಡುಗೆಮನೆಯ ಗೋಡೆಗೆ ಹಣೆ ಒತ್ತಿಕೊಂಡು ಆ ಉಸಿರನ್ನೇ ಕೇಳುತ್ತ ನಿಂತಳು. "ತಮಂದಾ, ಅಮ್ಮ ಕಣೇ," ಎಂದಳು. ಮಗು ಫೋನನ್ನು ಕಚ್ಚಿದ ಸದ್ದಾಯಿತು. ಅಷ್ಟರಲ್ಲಿ ಕರೆ ಕಡಿದುಹೋಯಿತು.

ಮಗುವಿನ ಮುಖ ದಿನದಿನಕ್ಕೆ ಬದಲಾಗುತ್ತಿರಬಹುದು. ಕೂದಲು ಉದ್ದವಾಗಿರಬಹುದು, ಹಲ್ಲು ಬಂದಿರಬಹುದು. ಎಸ್ನಾತ್‌ಗೆ ಅದ್ಯಾವುದೂ ಸಿಗುತ್ತಿರಲಿಲ್ಲ. ಅವಳಿಗೆ ತಿಂಗಳಿಗೊಂದು ಸಂಖ್ಯೆ ಸಿಗುತ್ತಿತ್ತು. ಅದನ್ನೇ ಹಳೆಯ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತಿದ್ದಳು. ಮಗು ಹುಟ್ಟಿದಾಗಿನಿಂದ ಎಲ್ಲವೂ ಅಲ್ಲಿತ್ತು, ಎಡಕ್ಕೆ ತಿಂಗಳು, ಬಲಕ್ಕೆ ತೂಕ.

ಮರುದಿನ ಮಧ್ಯಾಹ್ನ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವಳ ಕಣ್ಣು ಬಕೆಟಿನ ಒಳಮೈಯಲ್ಲಿದ್ದ ಲೀಟರ್ ಗುರುತುಗಳ ಮೇಲೆ ಬಿತ್ತು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಂದು ಶಾಲೆಯಲ್ಲಿ ಕಲಿತಿದ್ದಳು. ಎಂಟರ ಗುರುತಿಗೆ ಒಂದು ಬೆರಳು ಕಡಿಮೆ ನೀರು ತುಂಬಿಸಿದಳು. ಆಮೇಲೆ ಬಕೆಟನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಒರಗಿಸಿಕೊಂಡು ಕಣ್ಣು ಮುಚ್ಚಿದಳು. ನನ್ನ ಮಗಳು ಇಷ್ಟು ಭಾರ ಇದ್ದಾಳೆ, ಎಂದುಕೊಂಡಳು. ನೀರು ತುಳುಕಿ ಕುಪ್ಪಸ ಒದ್ದೆಯಾಯಿತು.

"ಅಕ್ಕಾ! ಬಕೆಟ್ ತಬ್ಕೊಂಡು ಏನ್ ಮಾಡ್ತಿದೀಯಾ?"

ಮೇಡಂ ಮಗಳು ವಾನಂಗ್ವಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹದಿನಾರು ವರ್ಷ, ಹೈಸ್ಕೂಲಿನ ಮೂರನೇ ವರ್ಷ. ಎಸ್ನಾತ್ ಮದುವೆಯಾಗಿ ಓದು ಬಿಟ್ಟದ್ದೂ ಅದೇ ತರಗತಿಯಲ್ಲಿ.

"ಏನಿಲ್ಲ. ತಮಂದಾಳ ತೂಕ ನೋಡ್ತಿದ್ದೆ."

ವಾನಂಗ್ವಾಳ ನಗು ನಿಂತಿತು. ಅವಳು ಬಂದು ಒಗೆದ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು.

ಶನಿವಾರ ಬೆಳಿಗ್ಗೆ ಅವಳೇ ಅಡುಗೆಮನೆಗೆ ಪುಸ್ತಕ ಹೊತ್ತುಕೊಂಡು ಬಂದಳು. "ಅಕ್ಕಾ, ನಿಂಗೆ ವಿಜ್ಞಾನ ಬರುತ್ತಲ್ಲ? ಈ ಪ್ರಶ್ನೆ ಬರೆದವನಿಗೆ ತಲೆ ಕೆಟ್ಟಿದೆ ನೋಡು."

ಪುಸ್ತಕದಲ್ಲಿ ಒಂದು ಕೋಷ್ಟಕವಿತ್ತು. ಒಂದು ಹುರುಳಿಕಾಯಿ ಗಿಡ ಎರಡೆರಡು ದಿನಕ್ಕೊಮ್ಮೆ ಎಷ್ಟು ಎತ್ತರವಾಯಿತು ಎಂಬ ಲೆಕ್ಕ. ಎರಡನೇ ದಿನ ಒಂದು ಸೆಂಟಿಮೀಟರ್, ನಾಲ್ಕನೇ ದಿನ ನಾಲ್ಕು, ಆರನೇ ದಿನ ಎಂಟು, ಎಂಟನೇ ದಿನ ಒಂಬತ್ತು, ಹತ್ತನೇ ದಿನ ಒಂಬತ್ತೂವರೆ. ಬೆಳವಣಿಗೆ ಯಾವಾಗ ನಿಧಾನವಾಯಿತು, ಕಾರಣವೇನಿರಬಹುದು ಎಂದು ಕೆಳಗೆ ಕೇಳಿದ್ದರು.

"ಎಲ್ಲಾ ಜಾಸ್ತಿ ಆಗ್ತಾನೇ ಇದೆ," ಎಂದಳು ವಾನಂಗ್ವಾ. "ನಿಧಾನ ಎಲ್ಲಿಂದ ಬಂತು?"

ಎಸ್ನಾತ್ ಈರುಳ್ಳಿ ಹೆಚ್ಚುತ್ತಿದ್ದ ಕೈಯನ್ನು ಒರೆಸಿಕೊಂಡಳು. ಎಷ್ಟೋ ಕಾಲದ ಮೇಲೆ ಪಠ್ಯಪುಸ್ತಕದ ವಾಸನೆ ಮೂಗಿಗೆ ಬಂತು. ಕೋಷ್ಟಕದ ಮೇಲೆ ಬೆರಳಿಟ್ಟಳು.

"ಪಕ್ಕಪಕ್ಕದ ಎರಡನ್ನ ಕಳೆದು ನೋಡು. ನಾಲ್ಕರಿಂದ ಎಂಟಕ್ಕೆ ಹೋಯ್ತು, ಎಷ್ಟು ಬೆಳೀತು?"

"ನಾಲ್ಕು."

"ಮುಂದೆ?"

"ಒಂದು. ಆಮೇಲೆ ಅರ್ಧ." ವಾನಂಗ್ವಾ ತಲೆ ಎತ್ತಿದಳು. "ಓ! ಬೆಳೀತಾ ಇದೆ, ಆದ್ರೆ ಬೆಳೆಯೋದೇ ಕಮ್ಮಿ ಆಗ್ತಿದೆ."

"ಆರನೇ ದಿನ ಆದ್ಮೇಲೆ ಏನೋ ಆಗಿದೆ ಆ ಗಿಡಕ್ಕೆ. ನೀರು ಹಾಕೋರು ಮರೆತಿರಬೇಕು. ಗ್ರಾಫ್ ಎಳೆದು ನೋಡು, ಅಲ್ಲೇ ಗೆರೆ ಬಾಗುತ್ತೆ."

ವಾನಂಗ್ವಾಗೆ ಹುಮ್ಮಸ್ಸು ಬಂತು. ಹುರುಳಿಕಾಯಿ ಗಿಡದ ಗ್ರಾಫ್ ಮುಗಿಸಿ, ಇನ್ನೊಂದು ಚೌಕದ ಹಾಳೆ ಹರಿದುಕೊಂಡಳು. "ಕೊಡು, ತಮಂದಾಳದ್ದೂ ಎಳೀತೀನಿ. ನೀನು ಇಲ್ಲಿಗೆ ಬಂದಾಗಿನಿಂದ ಹೇಳು ಸಾಕು."

ಎಸ್ನಾತ್ ಬಾಯಿಪಾಠವಾಗಿ ಹೇಳಿದಳು. ಎಂಟನೇ ತಿಂಗಳು ಏಳು ಕಿಲೋ ಆರುನೂರು. ಒಂಬತ್ತಕ್ಕೆ ಏಳುನೂರು. ಹತ್ತಕ್ಕೆ ಎಂಟುನೂರು. ಹನ್ನೊಂದಕ್ಕೆ ಒಂಬೈನೂರು. ಹುಡುಗಿ ಚುಕ್ಕಿ ಇಟ್ಟು ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದಳು. ಗೆರೆ ಹಾಳೆಯ ಕೆಳಮೂಲೆಯಿಂದ ಹೊರಟು ಗುಡ್ಡ ಹತ್ತಿದಂತೆ ನೇರವಾಗಿ ಮೇಲಿನ ಮೂಲೆಗೆ ಮುಟ್ಟಿತು.

"ನೋಡಕ್ಕ, ನಿನ್ನ ಮಗಳು ಎಲ್ಲಿಗೆ ಹತ್ತಿಬಿಟ್ಟಿದಾಳೆ!"

ಎಸ್ನಾತ್ ಆ ಹಾಳೆಯನ್ನು ತನ್ನ ಕೋಣೆಗೆ ಒಯ್ದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದಳು. ಮಗುವಿನ ಫೋಟೋ ಅಂಟಿಸಿದಷ್ಟು ಸಂತೋಷವಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ಕೆಲಸ ಮಾಡುತ್ತ ಹಾಡು ಗುನುಗಿದಳು.

ಭಾನುವಾರ ಚರ್ಚಿನಿಂದ ಬಂದು ಹಾಸಿಗೆಯ ಮೇಲೆ ಕೂತು ಆ ಹಸಿರು ಗೆರೆಯನ್ನೇ ನೋಡುತ್ತಿದ್ದಳು. ಅವಳ ವಿಜ್ಞಾನದ ಮೇಷ್ಟರಿಗೆ ಒಂದು ಅಭ್ಯಾಸವಿತ್ತು. ಗ್ರಾಫ್ ತೋರಿಸುವಾಗ ಗೆರೆಯನ್ನು ಕೈಯಿಂದ ಮುಚ್ಚಿಬಿಡುತ್ತಿದ್ದರು. "ಮೊದ್ಲು ಅಂಚು ಓದಿ. ಅಡ್ಡಕ್ಕೆ ಏನಿದೆ, ನಿಂತಿರೋದು ಏನು, ಎಷ್ಟರಿಂದ ಶುರು, ಒಂದು ಚೌಕಕ್ಕೆ ಎಷ್ಟು. ಅಂಚು ಓದದೋರಿಗೆ ನಾನು ಗೆರೆ ತೋರಿಸಲ್ಲ," ಎನ್ನುತ್ತಿದ್ದರು. ಎಸ್ನಾತ್ ಸುಮ್ಮನೆ, ಮೇಷ್ಟರ ನೆನಪಿಗೆ, ಹಾಳೆಯ ಎಡ ಅಂಚನ್ನು ಓದಿದಳು. ಕೆಳಗಿನ ಸಂಖ್ಯೆ ಏಳೂವರೆ. ಮೇಲಿನದು ಎಂಟು. ಇಡೀ ಹಾಳೆಯಲ್ಲಿ ಇದ್ದದ್ದು ಅರ್ಧ ಕಿಲೋ.

ಅವಳು ನೋಟ್‌ಪುಸ್ತಕ ತೆಗೆದು ಕಳೆಯತೊಡಗಿದಳು. ಐದರಿಂದ ಆರನೇ ತಿಂಗಳಿಗೆ ನಾನೂರು ಗ್ರಾಂ. ಆರರಿಂದ ಏಳಕ್ಕೆ ಮುನ್ನೂರು. ಏಳರಿಂದ ಎಂಟಕ್ಕೆ ಮುನ್ನೂರು. ಆಮೇಲೆ ನೂರು. ನೂರು. ನೂರು.

ಹುರುಳಿಕಾಯಿ ಗಿಡದ ಮಾತು ತಾನೇ ಹೇಳಿದ್ದಳು. ನೀರು ಹಾಕುವವರು ಮರೆತಿರಬೇಕು ಎಂದಿದ್ದಳು.

ವಾನಂಗ್ವಾಳಿಂದ ಇನ್ನೊಂದು ಹಾಳೆ ಕೇಳಿ ತಂದಳು. ಈ ಸಲ ತಾನೇ ಕೂತು ಎಡ ಅಂಚಿನಲ್ಲಿ ಸೊನ್ನೆಯಿಂದ ಹತ್ತರವರೆಗೆ ಕಿಲೋ ಬರೆದಳು, ಕೆಳಗೆ ಹುಟ್ಟಿದ ದಿನದಿಂದ ಹನ್ನೊಂದು ತಿಂಗಳು. ಮೂರು ಕಿಲೋದಿಂದ ಹೊರಟ ಗೆರೆ ಎಂಟನೇ ತಿಂಗಳವರೆಗೂ ಏರಿತು. ಅಲ್ಲಿಂದ ಮುಂದೆ ಬಗ್ಗಿ, ಹೆಚ್ಚು ಕಡಿಮೆ ಮಲಗಿಯೇಬಿಟ್ಟಿತು. ಬಾಗಿದ ಜಾಗದ ಕೆಳಗೆ ಇದ್ದದ್ದು ಅವಳು ಮಿನಿಬಸ್ ಹತ್ತಿದ ತಿಂಗಳು.

ವಾನಂಗ್ವಾ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಬೆಪ್ಪಾದಳು. "ಅಕ್ಕಾ, ಹಾಗಾದ್ರೆ ನಾನು ಎಳೆದಿದ್ದು ಸುಳ್ಳಾ?"

"ಸುಳ್ಳಲ್ಲ ಕಣೇ. ನಂಬರೆಲ್ಲ ನಿಜ. ಬೆರಳಗಲದ್ದನ್ನ ಮೊಳದುದ್ದ ಮಾಡಿ ತೋರಿಸ್ಬಿಟ್ಟಿದೀಯಾ ಅಷ್ಟೆ. ನಾನೂ ಅದನ್ನೇ ನೋಡೋಕೆ ಕಾಯ್ತಿದ್ದೆ, ಅದಕ್ಕೇ ನಂಬಿಬಿಟ್ಟೆ."

ಆ ಸಂಜೆಯೇ ತಾಯಿಗೆ ಫೋನ್ ಮಾಡಿದಳು.

"ಅಮ್ಮ, ತಮಂದಾ ಸರಿಯಾಗಿ ಬೆಳೀತಿಲ್ಲ."

"ಯಾವ ಬಾಯಲ್ಲಿ ಹೇಳ್ತೀಯೇ? ತಿಂಗಳು ತಿಂಗಳೂ ಏರ್ತಿದೆ. ಒಂದ್ಸಲಾನಾದ್ರೂ ಇಳಿದಿದೆಯಾ?"

"ಇಳಿದಿಲ್ಲ. ಏರೋದು ಸಾಲ್ತಿಲ್ಲ. ಈ ವಯಸ್ಸಲ್ಲಿ ತಿಂಗಳಿಗೆ ಇನ್ನೂರು, ಇನ್ನೂರೈವತ್ತಾದ್ರೂ ಏರಬೇಕು. ಅವಳು ಮೂರು ತಿಂಗಳಿಂದ ಬರೀ ನೂರು."

"ಆರು ಮಕ್ಕಳನ್ನ ಸಾಕಿದೀನಿ ನಾನು. ಕಾಗದದ ಮೇಲೆ ಗೀಟು ಎಳ್ಕೊಂಡು ಸಾಕಲಿಲ್ಲ. ಕೆನ್ನೆ ನೋಡಿದ್ರೆ ಗೊತ್ತಾಗುತ್ತೆ ನಂಗೆ. ನಿಂಗೆ ಮಗು ನೆನಪಾಗ್ತಿದೆ, ಅದಕ್ಕೆ ಎಲ್ಲದರಲ್ಲೂ ಕೇಡು ಕಾಣ್ತಿದೆ."

"ನೆನಪಾಗ್ತಿರೋದು ನಿಜ ಅಮ್ಮ. ಗೆರೆ ಬಾಗಿರೋದೂ ನಿಜ."

"ಆರೋಗ್ಯ ಪುಸ್ತಕದಲ್ಲಿ ಅವಳ ಚುಕ್ಕಿ ಹಸಿರು ಪಟ್ಟೀಲೇ ಇದೆ, ಭಯ ಇಲ್ಲ ಅಂತ ಮಲೆಂಗಾನೇ ಹೇಳಿದಾನೆ. ಅವನಿಗಿಂತ ನೀನು ದೊಡ್ಡ ಡಾಕ್ಟ್ರಾ? ಇಡು ಫೋನು."

ಎಸ್ನಾತ್ ಕೂಡಲೇ ಮೇಡಂ ಹತ್ತಿರ ಹೋಗಿ ಎರಡು ದಿನ ರಜೆ ಕೇಳಿದಳು. ಗೊಂಡ್ವೆ ಮೇಡಂ ಕೆಟ್ಟವರಲ್ಲ, ಆದರೆ ರಜೆಯ ಮಾತೆತ್ತಿದರೆ ಹುಬ್ಬು ಗಂಟಿಕ್ಕುತ್ತಿದ್ದರು.

"ಮಗುಗೆ ಜ್ವರ ಇದೆಯಾ?"

"ಇಲ್ಲ ಮೇಡಂ."

"ಭೇದಿ?"

"ಇಲ್ಲ."

"ಮತ್ತೆ ಏನು ಕಷ್ಟ? ಮಗು ಚೆನ್ನಾಗಿದೆ ಅಂತ ನಿನ್ನ ತಾಯಿ ಹೇಳ್ತಿದಾರೆ, ನೀನು ನೋಡ್ದೇ ಇರೋಳು ಇಲ್ಲ ಅಂತೀಯ."

ಆಗ ವಾನಂಗ್ವಾ ಎರಡೂ ಹಾಳೆ ತಂದು ತಾಯಿಯ ತೊಡೆಯ ಮೇಲೆ ಹರಡಿದಳು. "ಅಮ್ಮ, ಇದರಲ್ಲಿ ಯಾವುದು ಬೆಳೀತಿರೋ ಮಗು ಹೇಳು." ಮೇಡಂ ಹಸಿರು ಗೆರೆಯ ಮೇಲೆ ಬೆರಳಿಟ್ಟರು. "ಎರಡೂ ಒಂದೇ ಮಗು ಅಮ್ಮ. ಅಂಚು ಓದು."

ಮೇಡಂ ಕನ್ನಡಕ ಹಾಕಿಕೊಂಡು ಅಂಚು ಓದಿದರು. ಎರಡನೇ ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು. ಬುಧವಾರ ಬಾ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಿನಿಬಸ್ಸಿನಿಂದ ಇಳಿದು, ಜನರನ್ನು ಕೂರಿಸಿಕೊಂಡು ಒಯ್ಯುವ ಬಾಡಿಗೆ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು, ಒಣಗಿದ ಹೊಗೆಸೊಪ್ಪಿನ ಹೊಲಗಳ ನಡುವೆ ಹೋಗುವಾಗ ಎಸ್ನಾತ್ ಮಗು ಓಡಿ ಬರುವುದನ್ನು ಕಣ್ಣಮುಂದೆ ತಂದುಕೊಂಡಳು. ಇನ್ನೂ ನಡೆಯದ ಮಗು ಓಡುವುದೆಲ್ಲಿ ಬಂತು ಎಂದು ತನಗೆ ತಾನೇ ನಕ್ಕಳು.

ಫಾಲೆಸಿ ಅಂಗಳದಲ್ಲಿ ಚಾಪೆ ಹೆಣೆಯುತ್ತಿದ್ದಳು. ತಮಂದಾ ಅವಳ ಬೆನ್ನು ಹಿಡಿದು ನಿಂತಿದ್ದಳು. ಎಸ್ನಾತ್ ಎರಡೂ ಕೈ ಚಾಚಿ ನೆಲಕ್ಕೆ ಕುಕ್ಕರಿಸಿದಳು. "ತಮಂದಾ!"

ಮಗು ಅವಳನ್ನು ನೋಡಿತು. ದಾರಿಯಲ್ಲಿ ಹೋಗುವ ಯಾರನ್ನೋ ನೋಡಿದ ಹಾಗೆ ನೋಡಿ, ಮುಖವನ್ನು ಅಜ್ಜಿಯ ಬೆನ್ನಿಗೆ ಒತ್ತಿಕೊಂಡಿತು. ಎಸ್ನಾತ್ ಹತ್ತಿರ ಹೋದಾಗ ಅರಚಿ ಅತ್ತಿತು.

"ಮರೆತಿದಾಳೆ ಅಷ್ಟೆ. ಸ್ವಲ್ಪ ಹೊತ್ತು ಬಿಡು," ಎಂದಳು ಫಾಲೆಸಿ, ಮಗಳ ಮುಖ ನೋಡದೆ.

ಎಸ್ನಾತ್ ಚಾಚಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಚಾಪೆಯ ಗರಿಗಳನ್ನು ಎತ್ತಿ ಜೋಡಿಸತೊಡಗಿದಳು. ಮಗುವಿನ ಕೆನ್ನೆ ದುಂಡಗೇ ಇತ್ತು. ತೋಳು ಮಾತ್ರ ಅವಳ ನೆನಪಿನಲ್ಲಿದ್ದ ತೋಳಲ್ಲ.

ಊಟವಾದ ಮೇಲೆ ಅವಳು ಮಗುವಿನ ಆರೋಗ್ಯ ಪುಸ್ತಕ ಕೇಳಿದಳು. ಫಾಲೆಸಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೂರಿನ ಸಂದಿಯಲ್ಲಿ ಇಟ್ಟಿದ್ದಳು. ಒಂದು ಪುಟದಲ್ಲಿ ಗ್ರಾಫ್ ಅಚ್ಚಾಗಿತ್ತು. ಚೆನ್ನಾಗಿ ಬೆಳೆಯುವ ಮಕ್ಕಳ ಗೆರೆಯನ್ನು ಹಸಿರು ಪಟ್ಟಿಯ ನಡುವೆ, ಅಪಾಯದ ಕೆಂಪು ಪಟ್ಟಿಯನ್ನು ಅದರ ಕೆಳಗೆ ಮೊದಲೇ ಮುದ್ರಿಸಿದ್ದರು. ಎಂಟು ತಿಂಗಳವರೆಗಿನ ಚುಕ್ಕಿಗಳನ್ನು ಎಸ್ನಾತ್ ತಾನೇ ಪೆನ್ನಿನಲ್ಲಿ ಸೇರಿಸಿದ್ದಳು. ಆಮೇಲಿನ ಮೂರು ಚುಕ್ಕಿಗಳು ಮೂರು ಎಳ್ಳುಕಾಳಿನಂತೆ ಒಂಟಿಯಾಗಿ ನಿಂತಿದ್ದವು.

"ಅಮ್ಮ, ನಿನ್ನ ಗರಿ ಒಂದು ಎಳೆ ಸೀಳಿ ಕೊಡು. ತೆಳ್ಳಗಿರಲಿ."

"ಯಾಕೆ?"

"ನಾನೇನೂ ಹೇಳಲ್ಲ. ನೀನೇ ಇಡು. ಈ ಚುಕ್ಕಿಯಿಂದ ಈ ಚುಕ್ಕಿಗೆ, ಅಲ್ಲಿಂದ ಮುಂದಿನದಕ್ಕೆ."

ಫಾಲೆಸಿ ಗೊಣಗುತ್ತಲೇ ಎಳೆ ಸೀಳಿದಳು. ಓದು ಬರದಿದ್ದರೂ ಅವಳ ಬೆರಳಿಗೆ ಸಾಲು ಗೊತ್ತಿತ್ತು. ಚಾಪೆಯಲ್ಲಿ ಒಂದು ಗರಿ ಓರೆಯಾದರೆ ಕಣ್ಣು ಮುಚ್ಚಿ ಸವರಿಯೇ ಹಿಡಿಯುತ್ತಿದ್ದಳು. ಎಳೆಯನ್ನು ಚುಕ್ಕಿಗಳ ಮೇಲೆ ಒತ್ತುತ್ತ ಹೋದಳು. ಎಂಟನೇ ತಿಂಗಳವರೆಗೂ ಅದು ಅಚ್ಚಾದ ಗೆರೆಯ ಜೊತೆಜೊತೆಗೇ ನಡೆಯಿತು. ಮುಂದಿನ ಚುಕ್ಕಿಗೆ ಇಡಲು ಎಳೆಯನ್ನು ಬಗ್ಗಿಸಬೇಕಾಯಿತು. ಅವಳ ಬೆರಳು ಅಲ್ಲೇ ನಿಂತಿತು.

"ಈ ಅಚ್ಚಾಗಿರೋ ಗೆರೆ ಯಾರದ್ದು?" ಎಂದಳು.

"ಇವಳ ವಯಸ್ಸಿನ ಬೇರೆ ಮಕ್ಕಳದ್ದು. ಚೆನ್ನಾಗಿ ಬೆಳೆಯೋರದ್ದು."

ಫಾಲೆಸಿ ಅಚ್ಚಾದ ಗೆರೆ ಮೇಲಕ್ಕೆ ಹೋಗುವುದನ್ನೂ ತನ್ನ ಎಳೆ ಅಡ್ಡಡ್ಡಕ್ಕೆ ಹೋಗುವುದನ್ನೂ ನೋಡಿದಳು. ಅವುಗಳ ನಡುವಿನ ಜಾಗ ಮುಂದೆ ಹೋದಂತೆ ಅಗಲವಾಗುತ್ತಿತ್ತು.

"ಜೊತೆಯವರು ಮುಂದೆ ಹೋಗ್ಬಿಟ್ಟಿದಾರೆ," ಎಂದಳು ಮೆಲ್ಲಗೆ. "ನನ್ನ ಕೂಸು ದಾರೀಲಿ ಕೂತ್ಬಿಟ್ಟಿದೆ."

ಎಳೆ ಒಳಗಿರುವಂತೆಯೇ ಪುಸ್ತಕ ಮುಚ್ಚಿದಳು. ಆಮೇಲೆ ಫಾಲೆಸಿಯೇ ಬಾಯಿಬಿಟ್ಟಳು.

"ನೀನು ಹೋದ ದಿನದಿಂದ ಬಟ್ಟಲು ಕಂಡ್ರೆ ಮುಖ ತಿರುಗಿಸ್ತಾಳೆ ಕಣೇ. ನಿನ್ನ ಹಳೇ ಚಿತೆಂಜೆ ಎಳ್ಕೊಂಡು ಅದರಲ್ಲಿ ಮೂತಿ ಇಟ್ಟು ಮಲಗ್ತಾಳೆ. ಗಟ್ಟಿ ಗಂಜಿ ಕೊಟ್ರೆ ಉಗೀತಾಳೆ. ಅದಕ್ಕೆ ನೀರು ನೀರು ಮಾಡಿ ಕುಡಿಸ್ತಿದ್ದೆ. ಅದಾದ್ರೆ ಗಟಗಟ ಒಳಗೆ ಹೋಗುತ್ತೆ. ಹೊಟ್ಟೆ ತುಂಬ್ತಲ್ಲ ಅಂತ ನಾನೂ ಸುಮ್ಮನಾದೆ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅಲ್ಲಿ ಅಳ್ತಾ ಕೂರ್ತೀಯ. ಅದಕ್ಕೇ ನಂಬರ್ ಮಾತ್ರ ಹೇಳ್ತಿದ್ದೆ. ನಂಬರು ಏರ್ತಿತ್ತಲ್ಲ, ಅದೊಂದೇ ನಂಗೂ ಧೈರ್ಯ."

ಎಸ್ನಾತ್ ತಾಯಿಯ ಕೈ ಹಿಡಿದುಕೊಂಡಳು. ಇಷ್ಟು ದಿನ ತಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಇಲ್ಲಿ ಮಾತು ಬಾರದ ಇನ್ನೊಂದು ಜೀವವೂ ಕಾಯುತ್ತ ಕಾಯುತ್ತ ಅಮ್ಮನನ್ನು ಮರೆತಿತ್ತು, ಉಣ್ಣುವುದನ್ನೂ ಅರ್ಧ ಮರೆತಿತ್ತು.

ಮರುದಿನ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಆರೋಗ್ಯ ಸಹಾಯಕ ಮಲೆಂಗಾ ಪುಸ್ತಕ ತೆರೆದವನು ಗರಿಯ ಎಳೆ ಕಂಡು ತಬ್ಬಿಬ್ಬಾದ. ಫಾಲೆಸಿ ಅವನ ಮೇಲೆ ಹರಿಹಾಯ್ದಳು.

"ಏನ್ ಡಾಕ್ಟ್ರೇ, ಹಸಿರಲ್ಲೇ ಇದಾಳೆ ಅಂತ ಕಳಿಸ್ತಿದ್ರಲ್ಲ! ಚುಕ್ಕಿ ಇಟ್ಟು ಬಿಟ್ಬಿಡೋಕೆ ಇದೇನು ಕೋಳಿಗೆ ಚೆಲ್ಲೋ ಕಾಳಾ?"

"ತಪ್ಪಾಯ್ತು ಅಜ್ಜಿ," ಎಂದ ಮಲೆಂಗಾ. "ಒಂದೇ ದಿನ ನೂರಿಪ್ಪತ್ತು ಮಕ್ಕಳು. ಚುಕ್ಕಿ ಎಲ್ಲಿದೆ ಅಂತ ಮಾತ್ರ ನೋಡಿದೆ, ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ನೋಡಲಿಲ್ಲ. ಹಸಿರು ಪಟ್ಟೀಲಿದ್ರೂ ಗೆರೆ ಮಲಗಿದ್ರೆ ಕೇಳಲೇಬೇಕಿತ್ತು." ಎಸ್ನಾತ್ ಕಡೆ ತಿರುಗಿದ. "ನೀವು ಈಗ ಬಂದಿದ್ದು ಒಳ್ಳೇದಾಯ್ತು. ಕೆಂಪು ಪಟ್ಟಿಗೆ ಇಳಿದ ಮೇಲೆ ಬರೋರೇ ಜಾಸ್ತಿ."

ಮಗುವಿನ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ಮಲೇರಿಯಾ ಇರಲಿಲ್ಲ. ರಕ್ತ ಕಡಿಮೆಯಿತ್ತು. ನರ್ಸ್ ಔಷಧಿ ಕೊಟ್ಟು, ಗಂಜಿಯ ವಿಷಯ ಕೇಳಿ ತಲೆಯಾಡಿಸಿದಳು. "ನೀರು ಗಂಜಿ ಹೊಟ್ಟೆ ತುಂಬಿಸುತ್ತೆ, ಮೈ ತುಂಬಿಸಲ್ಲ. ಚಮಚ ಓರೆ ಮಾಡಿದ್ರೆ ಸುರೀಬಾರದು, ಅಷ್ಟು ದಪ್ಪ ಇರಲಿ. ಕಡಲೆಕಾಯಿ ಪುಡಿ ಹಾಕಿ. ಉಸಿಪಾ ಒಣಮೀನು ಕುಟ್ಟಿ ಹಾಕಿ. ಮೊಟ್ಟೆ ಕೊಡಿ. ಒಂದೇ ಸಲ ತುರುಕಬೇಡಿ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ. ಉಗುಳಿದ್ರೆ ಬೈಬೇಡಿ, ಮತ್ತೆ ಕೊಡಿ. ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ."

ಬುಧವಾರ ಎಸ್ನಾತ್ ಹೊರಟಾಗ ತಮಂದಾ ಅಜ್ಜಿಯ ಬೆನ್ನಿನ ಮೇಲಿಂದ ಅವಳನ್ನು ಸುಮ್ಮನೆ ನೋಡಿದಳು. ಅಳಲಿಲ್ಲ. ಅಪರಿಚಿತರು ಹೋದರೆ ಮಕ್ಕಳು ಅಳುವುದಿಲ್ಲ. ಮಿನಿಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ಎಸ್ನಾತ್ ದಾರಿಯುದ್ದಕ್ಕೂ ಅತ್ತಳು.

ಮೇಡಂ ಎಲ್ಲ ಕೇಳಿದರು. ಅಂದಿನಿಂದ ತಿಂಗಳ ಎರಡನೇ ಗುರುವಾರ ಅವಳಿಗೆ ರಜೆ ಎಂದು ತಾವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಹಿಂದಿನ ದಿನ ಹೊರಟು ಮಾರನೇ ದಿನ ಬರಬೇಕು. ವಾನಂಗ್ವಾ ಎರಡೂ ಹಾಳೆಗಳನ್ನು ಶಾಲೆಗೆ ಒಯ್ದು ತರಗತಿಯಲ್ಲಿ ತೋರಿಸಿದಳು. ಅರ್ಧಕ್ಕಿಂತ ಹೆಚ್ಚು ಮಂದಿ ಹಸಿರು ಗೆರೆಯ ಮಗುವನ್ನೇ ಆರಿಸಿದರಂತೆ.

ಸೆಪ್ಟೆಂಬರಿನ ಸಿಕೆಲೊ ದಿನ ಎಸ್ನಾತ್ ಮಾವಿನ ಮರದ ಕೆಳಗೆ ಇದ್ದಳು. ತಮಂದಾ ಎಂಟು ಕಿಲೋ ಇನ್ನೂರು. ಒಂದೇ ತಿಂಗಳಲ್ಲಿ ಮುನ್ನೂರು ಗ್ರಾಂ. ಫಾಲೆಸಿ ಗರಿಯ ಎಳೆ ಇಟ್ಟು ನೋಡಿ, "ಎದ್ದು ಹೊರಟಳು," ಎಂದಳು. ಮಗು ಆ ದಿನವೂ ತಾಯಿಯ ಕಂಕುಳಿಗೆ ಬರಲಿಲ್ಲ. ಆದರೆ ಅವಳ ಕೈಯಿಂದ ನಾಲ್ಕು ಚಮಚ ಗಂಜಿ ತಿಂದಿತು.

ಅಕ್ಟೋಬರಿನಲ್ಲಿ ಎಂಟು ಕಿಲೋ ಆರುನೂರು. ಎಳೆ ಈಗ ಅಚ್ಚಾದ ಗೆರೆಯ ಹತ್ತಿರ ಹತ್ತಿರ ಬರುತ್ತಿತ್ತು. ಫಾಲೆಸಿಯ ಸೊಂಟದಲ್ಲಿ ಗರಿಯ ಎಳೆಗಳ ಒಂದು ಕಟ್ಟೇ ಇತ್ತು. ಸಾಲಿನಲ್ಲಿ ನಿಂತ ತಾಯಂದಿರನ್ನು ಅವಳು ಬಿಡುತ್ತಿರಲಿಲ್ಲ. "ಏರ್ತಿದೆ ಅಂತ ಕುಣೀಬೇಡ್ರೇ, ಎಷ್ಟು ಏರ್ತಿದೆ ನೋಡಿ. ತಾ ಇಲ್ಲಿ ನಿನ್ನ ಪುಸ್ತಕ. ಜುಲೈ ಚುಕ್ಕಿ ಎಲ್ಲಿ? ತೂಗಿಸಲೇ ಇಲ್ವಾ? ಆ ತಿಂಗಳು ನಿನ್ನ ಮಗು ಹೇಗಿತ್ತು ಅಂತ ಈಗ ಯಾರನ್ನ ಕೇಳ್ತೀಯ, ಕೋಳೀನಾ?" ಹೆಂಗಸರು ನಗುತ್ತಿದ್ದರು, ನಗುತ್ತಲೇ ಪುಸ್ತಕ ಕೊಡುತ್ತಿದ್ದರು.

ಆ ಸಿಕೆಲೊ ಮುಗಿದ ಮರುದಿನ, ಶುಕ್ರವಾರ ಬೆಳಿಗ್ಗೆ, ಬಾಡಿಗೆ ಸೈಕಲ್ ಅಂಗಳಕ್ಕೆ ಬಂದು ನಿಂತಿತು. ಎಸ್ನಾತ್ ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಸೈಕಲ್ ನಾಲ್ಕು ಮಾರು ಹೋಗಿರಬೇಕು. ಹಿಂದಿನಿಂದ ಒಂದು ಕೂಗು ಕೇಳಿತು. ತಿರುಗಿ ನೋಡಿದಳು. ತಮಂದಾ ಅಜ್ಜಿಯ ಕೈಯಿಂದ ಜಾರಿಕೊಳ್ಳುತ್ತ, ಎರಡೂ ತೋಳು ಅವಳತ್ತ ಚಾಚಿ, ಮೈಯೆಲ್ಲ ಅಲುಗುವಂತೆ ಅಳುತ್ತಿದ್ದಳು.

ಎಸ್ನಾತ್ ಸೈಕಲ್ಲಿನಿಂದ ಹಾರಿ ಓಡಿದಳು. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ತಮಂದಾ ಅವಳ ಕೊರಳಿನ ಸಂದಿಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

"ಬಸ್ ಹೋಗುತ್ತಕ್ಕ," ಎಂದ ಸೈಕಲ್ಲಿನವನು.

"ಹೋಗ್ಲಿ ಬಿಡಪ್ಪ," ಎಂದಳು ಫಾಲೆಸಿ, ಕಣ್ಣೊರೆಸಿಕೊಂಡು. "ಇನ್ನೊಂದು ಬರುತ್ತೆ."

ಓದುವ ಅಕ್ಕಂದಿರೇ, ಅಜ್ಜಿಯರೇ, ಅಪ್ಪಂದಿರೇ, ಇದು ದೂರದ ಊರಿನ ಕಥೆ ಎಂದು ಮಡಚಿಡಬೇಡಿ. ನಿಮ್ಮ ಮನೆಯ ತಾಯಿ ಕಾರ್ಡಿನಲ್ಲೂ ಇಂಥದೇ ಒಂದು ಪುಟ ಇದೆ. ಇವತ್ತೇ ಹೊರಗೆ ತೆಗೆಯಿರಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ಮಗುವನ್ನು ತೂಗಿಸಿ, ಚುಕ್ಕಿ ಇಡಿಸಿ, ಚುಕ್ಕಿಗಳನ್ನು ಸೇರಿಸಿ ನೋಡಿ. ಒಂದು ತಿಂಗಳೂ ತಪ್ಪಿಸಬೇಡಿ, ಒಂಟಿ ಚುಕ್ಕಿಗೆ ಕಥೆ ಹೇಳಲು ಬರುವುದಿಲ್ಲ. ಗೆರೆ ಮಲಗಿದರೆ ಜ್ವರ ಬರಲಿ ಎಂದು ಕಾಯದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮಗೆ ಓದು ಬಾರದಿದ್ದರೆ ಒಂದು ದಾರದ ಎಳೆ ಸಾಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಕ್ಕಳೇ, ಕೋಷ್ಟಕ, ಗ್ರಾಫ್ ಪರೀಕ್ಷೆಗೆ ಮಾತ್ರ ಎಂದುಕೊಳ್ಳಬೇಡಿ. ಯಾರೇ ಯಾವ ಗ್ರಾಫ್ ತೋರಿಸಲಿ, ಗೆರೆ ನೋಡಿ ಹಿಗ್ಗುವ ಮೊದಲು ಅದರ ಅಂಚು ಓದಿ.

ಮಾತು ಬಾರದ ಮಗು ತನ್ನ ಸಂಕಟವನ್ನು ಹೇಳುವುದು ಆ ಗೆರೆಯಲ್ಲೇ. ಅದನ್ನು ಕೇಳಿಸಿಕೊಳ್ಳಿ.